ಮರಳುಗಾಡಿನ ಒಂದು ರಾತ್ರಿಗೆ ಎಷ್ಟು ಬಿಸಿಲು ಬೇಕು?



ರುವೈಸಿನಲ್ಲಿ ನವೆಂಬರ್ ಎಂದರೆ ನಮಗೆ ಎರಡು ಹಬ್ಬ. ಒಂದು ರಾಜ್ಯೋತ್ಸವ. ಇನ್ನೊಂದು, ಐದಾರು ತಿಂಗಳಿಂದ ಮುಚ್ಚಿಟ್ಟಿದ್ದ ಕಿಟಕಿಗಳನ್ನು ತೆರೆದು, ಎಸಿ ಆರಿಸಿ, ಹೊರಗಿನ ಗಾಳಿಯನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುವ ಹಬ್ಬ. ಅದರ ಮುಂದಿನ ವಾರದಿಂದಲೇ ಟೆಂಟು, ಚಾಪೆ, ಇದ್ದಿಲ ಒಲೆ ಎಲ್ಲವೂ ಕಾರಿನ ಡಿಕ್ಕಿ ಏರುತ್ತವೆ. ಈಚೆಗೆ ನಮ್ಮವರಲ್ಲೂ ಕೆಲವರು ಇಬ್ಬರು ಮೂವರು ಸೇರಿ ಹಳೆಯ ಕ್ಯಾರವಾನ್ ಕೊಳ್ಳುವುದೋ ಬಾಡಿಗೆಗೆ ತರುವುದೋ ಶುರುವಾಗಿದೆ. ಚಕ್ರದ ಮೇಲಿನ ಪುಟ್ಟ ಮನೆ! ಮಕ್ಕಳಿಗೆ ಮಂಚ, ಹಿರಿಯರಿಗೆ ಒರಗಲು ಜಾಗ, ಎಲ್ಲರಿಗೂ ಒಂದು ಶೌಚಾಲಯ. ಇಲ್ಲದ್ದು ಒಂದೇ, ಕರೆಂಟು.

"ಸಾರ್, ಎಷ್ಟು ವ್ಯಾಟಿನ ಸೋಲಾರ್ ಹಾಕಿಸೋಣ?" ಎಂದು ಕಳೆದ ಚಳಿಗಾಲದಲ್ಲಿ ಮೂರ್ನಾಲ್ಕು ಮಂದಿ ನನ್ನನ್ನು ಕೇಳಿದರು. ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿರುವವನಿಗೆ ಇದೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. ನಮ್ಮ ಸಂಪಾದಕರೂ "ಈ ಸಲದ ಅಂಕಣದಲ್ಲಿ ಏನಾದರೂ ಉಪಯೋಗಕ್ಕೆ ಬರುವಂಥದ್ದು ಬರೆಯಿರಿ" ಎಂದಿದ್ದಾರೆ. (ಹಾಗಾದರೆ ಇಷ್ಟು ವರ್ಷ ಬರೆದದ್ದು ಏನು ಎಂದು ನಾನು ಕೇಳಲಿಲ್ಲ!) ಉಪಯೋಗದ ಮಾತಿಗೆ ಮೊದಲು ನನ್ನ ಪಾಂಡಿತ್ಯ ಎಷ್ಟರದು ಎಂಬುದನ್ನು ಒಪ್ಪಿಸಿಬಿಡುತ್ತೇನೆ.

ಎರಡು ಚಳಿಗಾಲದ ಹಿಂದಿನ ಮಾತು. ಸುಳ್ಯದ ಕಡೆಯ ನಮ್ಮ ತೋಟದ ಮನೆಯಿಂದ ಅಪ್ಪ ಮೂರು ತಿಂಗಳಿಗೆಂದು ಬಂದಿದ್ದರು. ವಯಸ್ಸು 74. ಅವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ವೈದ್ಯರ ಭಾಷೆಯಲ್ಲಿ ಸ್ಲೀಪ್ ಆಪ್ನಿಯಾ. ರಾತ್ರಿ ಮಲಗುವಾಗ ಮೂಗಿಗೆ ಮುಖವಾಡದಂಥದ್ದನ್ನು ಕಟ್ಟಿಕೊಂಡು, ಗಾಳಿಯನ್ನು ಒತ್ತಿ ಕೊಡುವ ಸಿಪ್ಯಾಪ್ ಎಂಬ ಸಣ್ಣ ಯಂತ್ರ ಹಾಕಿಕೊಳ್ಳಬೇಕು. "ಕ್ಯಾಂಪಿಗೆ ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ" ಎಂದರು. "ಕ್ಯಾರವಾನಿನ ಮೇಲೆ 300 ವ್ಯಾಟಿನ ಸೋಲಾರ್ ಇದೆ ಅಪ್ಪಾ, ನಿಮ್ಮ ಯಂತ್ರಕ್ಕೆ ಅದೆಷ್ಟು ಬೇಕು ಮಹಾ?" ಎಂದು ಅವರನ್ನು ಒಪ್ಪಿಸಿದವನು ನಾನೇ.

ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿಸಿ ಹೊರಟು, ಮದೀನತ್ ಜಾಯೆದ್ ದಾಟಿ ಲಿವಾ ತಲುಪುವಾಗ ಸಂಜೆಯಾಗಿತ್ತು. ರಸ್ತೆಯಿಂದ ಸ್ವಲ್ಪ ಒಳಗೆ, ಗಟ್ಟಿ ನೆಲ ನೋಡಿ ಕ್ಯಾರವಾನ್ ನಿಲ್ಲಿಸಿದೆವು. ಚಹಾ ಆಯಿತು, ಅಂತ್ಯಾಕ್ಷರಿ ಆಯಿತು, ಊಟವಾಯಿತು. ಅಪ್ಪ ತಣ್ಣನೆಯ ಮರಳಿನ ಮೇಲೆ ಕಾಲು ಚಾಚಿ ಕುಳಿತು, "ಊರಲ್ಲಿ ಅಡಿಕೆ ಮರಗಳ ಎಡೆಯಿಂದ ಇಷ್ಟೊಂದು ನಕ್ಷತ್ರ ಕಾಣುವುದಿಲ್ಲ ಮಾರಾಯ" ಎಂದರು. ನನಗೆ ಬಹಳ ಸಂತೋಷವಾಯಿತು.

ನಸುಕಿನ ಮೂರು ಗಂಟೆಗೆ ಇನ್ವರ್ಟರ್ ಕೀ ಕೀ ಎಂದು ಕೂಗಿ ನಿಂತುಹೋಯಿತು. ದೀಪ ಇಲ್ಲ, ಫ್ರಿಜ್ ಇಲ್ಲ, ಅಪ್ಪನ ಯಂತ್ರವೂ ಇಲ್ಲ. ಕಾರಿನಿಂದ ಕರೆಂಟು ಎಳೆಯೋಣವೆಂದರೆ ಅದಕ್ಕೆ ಬೇಕಾದ ವಯರು ರುವೈಸಿನ ಮನೆಯಲ್ಲಿ! ಯಂತ್ರವಿಲ್ಲದೆ ಮಲಗಬಾರದೆಂದು ವೈದ್ಯರು ಹೇಳಿದ್ದರು. ಅಪ್ಪನನ್ನು ಕಾರಿನ ಮುಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿದೆ. ಅವರು ತೂಕಡಿಸುವಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಗೊರಕೆ ನಿಂತರೆ ಎಬ್ಬಿಸುವುದು, ಮಾತಾಡಿಸುವುದು. ಹೀಗೆಯೇ ಬೆಳಗಾಯಿತು.

ನಾವಿರುವ ಊರನ್ನು ನೋಡಿ. ಒಂದು ಕಡೆ ದೇಶದ ದೊಡ್ಡ ತೈಲ ಶುದ್ಧೀಕರಣ ಘಟಕ. ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರಿನಲ್ಲಿ ಬರಾಕಾ ಅಣುವಿದ್ಯುತ್ ಸ್ಥಾವರ, 2024ರಲ್ಲಿ ನಾಲ್ಕನೆಯ ಘಟಕವೂ ಸೇರಿ ಒಟ್ಟು 5600 ಮೆಗಾವ್ಯಾಟ್. ಲಿವಾ ದಾರಿಯಲ್ಲಿ ಮದೀನತ್ ಜಾಯೆದ್ ಹತ್ತಿರವೇ 2013ರಲ್ಲಿ ಶುರುವಾದ 100 ಮೆಗಾವ್ಯಾಟಿನ ಶಮ್ಸ್-1 ಸೌರ ಸ್ಥಾವರ. ಇಷ್ಟೆಲ್ಲದರ ನಡುವೆ ನನ್ನ ಅಪ್ಪನಿಗೆ ಬೇಕಾಗಿದ್ದ ಮೂವತ್ತು ನಲವತ್ತು ವ್ಯಾಟ್ ಹುಟ್ಟಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. "ಮೆಗಾವ್ಯಾಟ್ ಲೆಕ್ಕದವರಿಗೆ ವ್ಯಾಟ್ ಲೆಕ್ಕ ಬರಲಿಲ್ಲ ನೋಡಿ" ಎಂದು ನನ್ನಾಕೆ ಈಗಲೂ ನೆಂಟರ ಮುಂದೆ ಹೇಳುವುದುಂಟು.

ಬೆಳಗ್ಗೆ ಕಾಫಿ ಕುಡಿಯುತ್ತ ಅಪ್ಪ ಕೇಳಿದರು, "ರಾತ್ರಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೆಯಾ?"

"ಪ್ಯಾನೆಲ್ 300 ವ್ಯಾಟ್ ಇದೆ ಅಪ್ಪಾ."

"ಪ್ಯಾನೆಲ್ ಹಗಲಿನದ್ದು. ನಾನು ಕೇಳಿದ್ದು ರಾತ್ರಿಯದ್ದು."

ಅಪ್ಪ ಹೀಗೆ ಕೇಳುವುದಕ್ಕೆ ಕಾರಣವಿತ್ತು. ನಮ್ಮ ತೋಟದ ಮನೆಗೆ ಲೈನಿನ ಕರೆಂಟು ಬಂದದ್ದು ತಡವಾಗಿ. ಅದಕ್ಕೆ ಮುಂಚೆ ಮಾಡಿನ ಮೇಲೊಂದು ಪುಟ್ಟ ಪ್ಯಾನೆಲ್, ಒಳಗೊಂದು ಬ್ಯಾಟರಿ, ನಾಲ್ಕು ದೀಪ. ಕರ್ನಾಟಕದ ಹಳ್ಳಿಗಳಿಗೆ ಇಂಥ ದೀಪಗಳನ್ನು ಮುಟ್ಟಿಸಿದವರಲ್ಲಿ 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆಯ ಹೆಸರು ದೊಡ್ಡದು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಿರಾಕಿಗೆ ಪ್ಯಾನೆಲ್ ಮಾರುವುದಕ್ಕೆ ಮೊದಲು ಆ ಮನೆಗೆ ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ, ಎಷ್ಟು ಬೆಳಕು ಬೇಕು ಎಂದು ಕೇಳುವುದು ಆ ಕೆಲಸದ ಪದ್ಧತಿ. ನಮ್ಮ ಮನೆಯಲ್ಲಿ ಅಪ್ಪ ಅದನ್ನೇ ಕಾನೂನು ಮಾಡಿದ್ದರು. ಬೇಸಗೆಯಲ್ಲಿ ನಾಲ್ಕು ದೀಪ, ಮಳೆಗಾಲದಲ್ಲಿ ಮಕ್ಕಳು ಓದುವ ಕೋಣೆಯದ್ದು ಒಂದೇ ದೀಪ. ಆ ಒಂದು ಮಾತ್ರ ಆಟಿ ತಿಂಗಳ ಮಳೆಯಲ್ಲೂ ಆರಿದ್ದು ನನಗೆ ನೆನಪಿಲ್ಲ. ಆ ದೀಪದಡಿ ಓದಿಯೇ ನಾನು ಇಂಜಿನಿಯರ್ ಆದದ್ದು. ಆದ ಮೇಲೆ ಅದರ ಲೆಕ್ಕವನ್ನೇ ಮರೆತೆ!

ಹಾಗಾಗಿ ಕ್ಯಾರವಾನಿಗೆ ಸೋಲಾರ್ ಆರಿಸುವವರಿಗೆ ನನ್ನ ಮೊದಲ ಮಾತು: ಅಂಗಡಿಗೆ ಹೋಗುವ ಮುಂಚೆ ಕಾಗದ ಪೆನ್ನು ಹಿಡಿದು ಕುಳಿತುಕೊಳ್ಳಿ. ರಾತ್ರಿ ಯಾವುದು ಆರಲೇಬಾರದು ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಕೆಲವರಿಗೆ ಅದು ಔಷಧದ ಫ್ರಿಜ್ ಇರಬಹುದು, ಕೆಲವರಿಗೆ ಮಗುವಿನ ನೆಬ್ಯುಲೈಸರ್. ನಮಗೆ ಅಪ್ಪನ ಯಂತ್ರ. ಉಳಿದದ್ದೆಲ್ಲ ಅದರ ಕೆಳಗೆ.

ಲೆಕ್ಕ ಸುಲಭ. ಉಪಕರಣದ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಸಾವಿರ ವ್ಯಾಟ್-ಅವರ್ ಎಂದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಶುಕ್ರವಾರ ಸಂಜೆ ಆರರಿಂದ ಶನಿವಾರ ಬೆಳಗ್ಗೆ ಎಂಟರವರೆಗಿನ ನಮ್ಮ ಪಟ್ಟಿ ಹೀಗಿದೆ:

ಸಿಪ್ಯಾಪ್, 35 ವ್ಯಾಟ್, 8 ಗಂಟೆ – 280
12 ವೋಲ್ಟಿನ ಸಣ್ಣ ಫ್ರಿಜ್, ನಿಂತು ನಿಂತು ಓಡುವುದರಿಂದ – 260
ಎಲ್‌ಇಡಿ ದೀಪ, 5 ವ್ಯಾಟಿನ ಮೂರು, 5 ಗಂಟೆ – 75
ನಾಲ್ಕು ಮೊಬೈಲ್ – 60
ನೀರಿನ ಪಂಪು – 10

ಒಟ್ಟು 685 ವ್ಯಾಟ್-ಅವರ್. ಹಗಲಿನಲ್ಲಿ ಫ್ರಿಜ್ಜಿಗೂ ಪಂಪಿಗೂ ಇನ್ನೊಂದು 210. ಅಂದರೆ ದಿನಕ್ಕೆ 895, ಒಂದು ಯೂನಿಟ್ಟಿಗಿಂತಲೂ ಕಡಿಮೆ. ಮನೆಯ ಎಸಿ ಒಂದು ಗಂಟೆಯಲ್ಲಿ ತಿನ್ನುವಷ್ಟು.

ಈಗ ನನ್ನ ಮೊದಲ ರಾತ್ರಿಯ ತಪ್ಪುಗಳನ್ನು ನೋಡಿ. ಬ್ಯಾಟರಿಯ ಮೇಲೆ 12 ವೋಲ್ಟ್ 100 ಆಂಪಿಯರ್-ಅವರ್ ಎಂದು ಬರೆದಿತ್ತು. ಎರಡನ್ನೂ ಗುಣಿಸಿ 1200 ವ್ಯಾಟ್-ಅವರ್ ಇದೆಯೆಂದು ನಾನು ಹಿಗ್ಗಿದ್ದೆ. ಆದರೆ ಅದು ಸೀಸ-ಆಮ್ಲದ ಬ್ಯಾಟರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದರೆ ಅದರ ಆಯಸ್ಸು ಬೇಗ ತೀರುತ್ತದೆ. ನೆಮ್ಮದಿಯಿಂದ ಬಳಸಬಹುದಾದದ್ದು ಸುಮಾರು 600. ಅಪ್ಪನ ಯಂತ್ರದಲ್ಲಿ ಗಾಳಿಗೆ ತೇವ ಕೊಡುವ ಹೀಟರ್ ಹಾಗೆಯೇ ಓಡುತ್ತಿತ್ತು. ಹೀಗಾಗಿ 35 ವ್ಯಾಟಿನದ್ದು 70 ಆಗಿತ್ತು. ಇನ್ವರ್ಟರನ್ನು ಸಂಜೆಯಿಂದಲೇ ಹಾಕಿಟ್ಟಿದ್ದೆ. ಏನೂ ಕೆಲಸ ಮಾಡದೆ ಕುಳಿತರೂ ಅದು ಗಂಟೆಗೆ ಹತ್ತು ಹದಿನೈದು ವ್ಯಾಟ್-ಅವರ್ ತಿನ್ನುತ್ತದೆ. ಮೂರು ಗಂಟೆಯ ಹೊತ್ತಿಗೆ ಫ್ರಿಜ್ 170, ದೀಪ 75, ಯಂತ್ರ 350, ಇನ್ವರ್ಟರಿನ ಕೂಳು 135, ಒಟ್ಟು 730. ಬ್ಯಾಟರಿ ಕೈಚೆಲ್ಲಿದ್ದರಲ್ಲಿ ಅದರ ತಪ್ಪೇನೂ ಇಲ್ಲ. ಮಾಡಿನ ಮೇಲಿನ ಪ್ಯಾನೆಲ್ 300ರ ಬದಲು 3000 ವ್ಯಾಟಿನದ್ದಾಗಿದ್ದರೂ ಆ ರಾತ್ರಿ ಒಂದು ದೀಪ ಹೆಚ್ಚಿಗೆ ಉರಿಯುತ್ತಿರಲಿಲ್ಲ. ನಾವು ತಲುಪುವಾಗಲೇ ಸೂರ್ಯ ಮುಳುಗುತ್ತಿದ್ದನಲ್ಲ!

ಆದ್ದರಿಂದ ಹಣ ಹಾಕುವುದಿದ್ದರೆ ಮೊದಲು ಬ್ಯಾಟರಿಗೆ ಹಾಕಿ. ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಎಲ್ಲೆಡೆ ಸಿಗುತ್ತವೆ. ಅದೇ 100 ಆಂಪಿಯರ್-ಅವರ್ ಅಳತೆಯದ್ದು 1280 ವ್ಯಾಟ್-ಅವರ್ ಹಿಡಿಯುತ್ತದೆ. ಅದರಲ್ಲಿ ಶೇ. 90, ಅಂದರೆ 1150ರಷ್ಟು ಧೈರ್ಯವಾಗಿ ಬಳಸಬಹುದು. ತೂಕ ಹನ್ನೆರಡು ಕಿಲೋ ಆಸುಪಾಸು, ಸೀಸದ್ದು ಇಪ್ಪತ್ತೆಂಟು ಮೂವತ್ತು. ಸೀಸದ್ದು ಕೆಲವು ನೂರು ಸಲ ತುಂಬಿ ಬಳಸುವಷ್ಟರಲ್ಲಿ ಸೋಲುತ್ತದೆ. ಇದು ಎರಡು ಸಾವಿರ ಸಲ ದಾಟುತ್ತದೆ. ಬೆಲೆ ಜಾಸ್ತಿ ಅನಿಸಿದರೆ, ಬಳಸಲು ಸಿಗುವ ಒಂದು ವ್ಯಾಟ್-ಅವರಿಗೆ ಎಷ್ಟು ದಿರ್ಹಂ ಬಿತ್ತು ಎಂದು ಭಾಗಿಸಿ ನೋಡಿ.

ಇನ್ನು ಪ್ಯಾನೆಲ್. ಅದರ ಮೇಲೆ ಬರೆದ ವ್ಯಾಟ್ ಕಾರ್ಖಾನೆಯಲ್ಲಿ, 25 ಡಿಗ್ರಿ ಶಾಖದಲ್ಲಿ, ಪೂರ್ಣ ಬೆಳಕಿನಲ್ಲಿ ಅಳೆದದ್ದು. ನಮ್ಮ ಕಡೆ ಡಿಸೆಂಬರಿನಲ್ಲಿ ಮಾಡಿನ ಮೇಲೆ ಚಪ್ಪಟೆಯಾಗಿ ಮಲಗಿಸಿದ ಪ್ಯಾನೆಲ್ಲಿಗೆ ದಿನಕ್ಕೆ ಸುಮಾರು ನಾಲ್ಕು ಗಂಟೆಯ ಪೂರ್ಣ ಬಿಸಿಲಿನಷ್ಟೇ ದಕ್ಕುತ್ತದೆ. ಧೂಳು, ವಯರು, ಶಾಖ ಎಂದು ಶೇ. 30 ಕಳೆಯಿರಿ. 200 ವ್ಯಾಟ್ ಪ್ಯಾನೆಲ್ಲಿನಿಂದ ದಿನಕ್ಕೆ 560 ವ್ಯಾಟ್-ಅವರ್, 300ರದ್ದರಿಂದ 840.

ಈ ದೇಶದಲ್ಲಿ 2022ರಿಂದ ವಾರಾಂತ್ಯ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದವರೆಗೆ. ನಮ್ಮಂಥವರ ಕ್ಯಾಂಪು ಎಂದರೆ ಎರಡು ರಾತ್ರಿ. ಮನೆಯಲ್ಲೇ ಬ್ಯಾಟರಿ ಪೂರ್ತಿ ತುಂಬಿಕೊಂಡು ಹೊರಟರೆ 1150. ಶುಕ್ರವಾರ ರಾತ್ರಿ 685 ಹೋದರೆ ಉಳಿದದ್ದು 465. ಶನಿವಾರ 200 ವ್ಯಾಟ್ ಪ್ಯಾನೆಲ್ 560 ಕೊಟ್ಟಿತು, ಹಗಲಿನ ಖರ್ಚು 210, ಸಂಜೆಗೆ 815. ಶನಿವಾರ ರಾತ್ರಿ ಮತ್ತೆ 685. ಭಾನುವಾರ ಬೆಳಗ್ಗೆ ಕೈಯಲ್ಲಿ 130. ಲೆಕ್ಕದಲ್ಲಿ ಪಾಸು! ಆದರೆ ಅಲ್ ದಫ್ರಾ ಸೀಮೆಯ ಚಳಿಗಾಲದ ಮಂಜು ನಿಮಗೆಲ್ಲ ಗೊತ್ತೇ ಇದೆ. ಹತ್ತು ಗಂಟೆಯವರೆಗೆ ಸೂರ್ಯ ಕಾಣದಿದ್ದರೆ ಆ 130 ಎಲ್ಲಿಗೂ ಸಾಲದು. 300 ವ್ಯಾಟ್ ಇದ್ದರೆ ಭಾನುವಾರಕ್ಕೆ 410 ಉಳಿಯುತ್ತದೆ. ಇಷ್ಟು ಪಟ್ಟಿ ಇರುವ ಕುಟುಂಬಕ್ಕೆ ಒಂದು ಲಿಥಿಯಂ ಬ್ಯಾಟರಿ, 300 ವ್ಯಾಟ್ ಪ್ಯಾನೆಲ್ ಸರಿಯಾದ ಜೋಡಿ. ನಾಲ್ಕೈದು ದಿನ ಒಂದೇ ಕಡೆ ಉಳಿಯುವವರಿಗೆ ಲೆಕ್ಕ ಬೇರೆ. ಆಗ ದಿನದ ಖರ್ಚು ದಿನವೇ ದುಡಿಯಬೇಕು, 400 ವ್ಯಾಟ್ ಬೇಕು.

ಮಾಡಿಗೆ ಬಿಗಿದ ಪ್ಯಾನೆಲ್ ಒಳ್ಳೆಯದೋ, ಮಡಚುವುದೋ? ಮಾಡಿನದ್ದಕ್ಕೆ ನೀವು ಏನೂ ಮಾಡಬೇಕಿಲ್ಲ, ಆದರೆ ಕ್ಯಾರವಾನನ್ನು ಬಿಸಿಲಲ್ಲೇ ನಿಲ್ಲಿಸಬೇಕು. ಮಡಚುವುದನ್ನು ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಇಡಬಹುದು. ಡಿಸೆಂಬರಿನಲ್ಲಿ ಇಲ್ಲಿ ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ 42 ಡಿಗ್ರಿಯಷ್ಟೇ ಮೇಲಿರುತ್ತಾನೆ, ನಮ್ಮ ಉಡುಪಿ ಮಂಗಳೂರಿನಲ್ಲಾದರೆ 53. ಆದ್ದರಿಂದ ಇಲ್ಲಿ ಓರೆ ಇಟ್ಟರೆ ಚಪ್ಪಟೆ ಇಟ್ಟದ್ದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಲಾಭ. ನಾವು ಮಾಡಿನ ಮೇಲೆ 200, ಕೈಯಲ್ಲಿ 100 ಎಂದು ಎರಡನ್ನೂ ಇಟ್ಟುಕೊಂಡಿದ್ದೇವೆ. ಗಾಳಿಗೆ ಹಾರದಂತೆ ಕಾಲಿಗೆ ಮರಳಿನ ಚೀಲ ಕಟ್ಟುವುದನ್ನು ಮರೆಯಬೇಡಿ.

ಧೂಳಿನ ವಿಷಯದಲ್ಲಿ ದೊಡ್ಡವರನ್ನು ನೋಡಿ ಕಲಿಯಬೇಕು. ಅಬುಧಾಬಿಯ ಸ್ವೈಹಾನ್‌ನಲ್ಲಿ 2019ರಲ್ಲಿ ಶುರುವಾದ ನೂರ್ ಸ್ಥಾವರದ 32 ಲಕ್ಷ ಪ್ಯಾನೆಲ್ಲುಗಳನ್ನು ನೀರಿಲ್ಲದೆ ಒರೆಸಲು ರೋಬೋಟ್‌ಗಳನ್ನೇ ಇಟ್ಟಿದ್ದಾರೆ. ನಮಗೆ ಮೆತ್ತನೆಯ ಒಂದು ಬ್ರಷ್ಷು, ಒಂದು ಹಳೆಯ ಪಂಚೆ ಸಾಕು. ಬೆಳಗ್ಗೆ ಇಬ್ಬನಿ ಆರುವ ಮುನ್ನ ಒರೆಸಿದರೆ ನೀರಿನ ಖರ್ಚೂ ಇಲ್ಲ. ನಮ್ಮ ಮನೆಯಲ್ಲಿ ಇದು ಮಕ್ಕಳ ಕೆಲಸ. "ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ ಇಂಥದ್ದೇ ಪ್ಯಾನೆಲ್ ಇವೆ, 2050 ಮೆಗಾವ್ಯಾಟ್" ಎಂದು ಹೇಳಿದರೆ, "ಅದನ್ನೆಲ್ಲ ಯಾರು ಒರೆಸುತ್ತಾರೆ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ!

ಉಳಿದ ಸಾಮಾನುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಬೇಕು. ಅದರಲ್ಲಿ ಎಂಪಿಪಿಟಿ ಎಂಬ ಬಗೆ ಸ್ವಲ್ಪ ದುಬಾರಿ, ಆದರೆ ಅದೇ ಬಿಸಿಲಿನಿಂದ ಹೆಚ್ಚು ಹಿಂಡುತ್ತದೆ. ಕಾರಿನ ಆಲ್ಟರ್ನೇಟರಿನಿಂದ ಬ್ಯಾಟರಿ ತುಂಬುವ ಡಿಸಿ-ಡಿಸಿ ಚಾರ್ಜರ್ ಇದ್ದರೆ ಮಂಜಿನ ದಿನಕ್ಕೆ ಅದೇ ಆಪದ್ಬಂಧು. 25 ಆಂಪಿಯರಿನದ್ದು ಒಂದು ಗಂಟೆಯ ಪ್ರಯಾಣದಲ್ಲಿ 300 ವ್ಯಾಟ್-ಅವರ್ ತುಂಬುತ್ತದೆ. ಇನ್ವರ್ಟರ್ ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್ ಬಗೆಯದ್ದೇ ಇರಲಿ. ಬೇಕಾದಾಗ ಹಾಕಿ, ಮುಗಿದೊಡನೆ ಆರಿಸಿ. ಸಿಪ್ಯಾಪ್‌ಗೆ 12 ವೋಲ್ಟಿನಿಂದ ನೇರ ಓಡಿಸುವ ಅಡಾಪ್ಟರ್ ಸಿಗುತ್ತದೆಯೇ ಎಂದು ಕಂಪನಿಯವರನ್ನು ಕೇಳಿ, ಸಿಕ್ಕರೆ ಇನ್ವರ್ಟರಿನ ಕೂಳು ಉಳಿಯಿತು. ಬ್ಯಾಟರಿಯ ಧನ ತುದಿಗೆ ಅಂಟಿಕೊಂಡಂತೆಯೇ ಫ್ಯೂಸ್ ಇರಲಿ, ಇದರಲ್ಲಿ ಜಿಪುಣತನ ಬೇಡ.

ಚಟ್ನಿಗೆ ಮಿಕ್ಸಿ ಓಡಿಸಬಹುದೇ ಎಂದು ಕೇಳಿದ ಅಕ್ಕಂದಿರಿಗೆ ಶುಭ ಸಮಾಚಾರ: 750 ವ್ಯಾಟಿನ ಮಿಕ್ಸಿ ಐದು ನಿಮಿಷಕ್ಕೆ ತಿನ್ನುವುದು 63 ವ್ಯಾಟ್-ಅವರ್ ಮಾತ್ರ. ಇನ್ವರ್ಟರ್ ಮಾತ್ರ ಅದರ ಎರಡರಷ್ಟು ತಾಕತ್ತಿನದ್ದಿರಲಿ, ಮಿಕ್ಸಿ ಹೊರಡುವಾಗ ಒಮ್ಮೆ ಜಗ್ಗುತ್ತದೆ. ಎಸಿ ಓಡಿಸಬಹುದೇ ಎಂದು ಕೇಳಿದ ಅಣ್ಣಂದಿರಿಗೆ: ಒಂದು ರಾತ್ರಿಗೆ ಐದಾರು ಯೂನಿಟ್ ಬೇಕು, ಅಂದರೆ ಇಂಥ ಐದು ಬ್ಯಾಟರಿ. ಅದರ ಬದಲು ನವೆಂಬರಿನಿಂದ ಮಾರ್ಚಿನೊಳಗೆ ಹೋಗಿ ಬನ್ನಿ! ಚಳಿಯಾಯಿತೆಂದು ಇದ್ದಿಲ ಒಲೆಯನ್ನು ಕ್ಯಾರವಾನ್ ಅಥವಾ ಟೆಂಟಿನೊಳಗೆ ಮಾತ್ರ ತರಬೇಡಿ. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷವಿದೆ. ಕಂಬಳಿ ಹೊದೆಯಿರಿ.

ಬಿಡಿ ಬಿಡಿಯಾಗಿ ಜೋಡಿಸುವ ರಗಳೆ ಬೇಡ ಎನ್ನುವವರಿಗೆ ಬ್ಯಾಟರಿ, ಕಂಟ್ರೋಲರ್, ಇನ್ವರ್ಟರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಪವರ್ ಸ್ಟೇಷನ್‌ಗಳಿವೆ. ಟೆಂಟಿನವರಿಗೂ ಬಾಡಿಗೆ ಕ್ಯಾರವಾನಿನವರಿಗೂ ಅದೇ ಅನುಕೂಲ. ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆ ರಿಪೇರಿಗೆ ಹೋಗಬೇಕು ಎಂಬುದೊಂದೇ ತಾಪತ್ರಯ. ಎರಡು ಎಚ್ಚರಿಕೆ ಹೇಳುತ್ತೇನೆ. ಬೇಸಗೆಯಲ್ಲಿ ಇದನ್ನೂ ಯಾವ ಲಿಥಿಯಂ ಬ್ಯಾಟರಿಯನ್ನೂ ಕಾರಿನಲ್ಲೋ ಕ್ಯಾರವಾನಿನಲ್ಲೋ ಬಿಡಬೇಡಿ, ಅರ್ಧ ತುಂಬಿಸಿ ಮನೆಯೊಳಗೆ ತಂಪಿನಲ್ಲಿಡಿ. ಮತ್ತೆ, ಊರಿಗೆ ಹೋಗುವಾಗ ಒಯ್ಯೋಣ ಎಂದು ಲೆಕ್ಕ ಹಾಕಬೇಡಿ. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ವಿಮಾನದಲ್ಲಿ ಬಿಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅಪ್ಪ ಮತ್ತೆ ಬಂದರು. ಹೊಸ ಬ್ಯಾಟರಿ, 300 ವ್ಯಾಟ್ ಪ್ಯಾನೆಲ್ ಎಲ್ಲ ತೋರಿಸಿದೆ. ಅವರು ತಲೆಯಾಡಿಸಿ, "ಎಲ್ಲರ ಜೊತೆ ನನ್ನದನ್ನೂ ಸೇರಿಸಿದ್ದೀಯಲ್ಲ. ಮಕ್ಕಳು ಫ್ರಿಜ್ ತೆರೆದಿಟ್ಟರೆ?" ಎಂದರು. ಮಳೆಗಾಲದ ಆ ಒಂದು ದೀಪ ನನಗೆ ಆಗ ನೆನಪಾಯಿತು. ಅವರ ಯಂತ್ರಕ್ಕೆಂದೇ 500 ವ್ಯಾಟ್-ಅವರಿನ ಸಣ್ಣ ಪೆಟ್ಟಿಗೆಯೊಂದನ್ನು ತಂದೆ. ಅದಕ್ಕೆ ಬೇರೆ ಯಾರೂ ಮೊಬೈಲ್ ಕೂಡ ಚುಚ್ಚುವಂತಿಲ್ಲ. ಇಡೀ ಕ್ಯಾರವಾನ್ ಕತ್ತಲಾದರೂ ಅದೊಂದು ಓಡುತ್ತದೆ. ಹೊರಡುವ ಹಿಂದಿನ ವಾರ ಮನೆಯ ಪ್ಲಗ್ಗು ತೆಗೆದು ಇಡೀ ರಾತ್ರಿ ಅದರ ಮೇಲೆಯೇ ಯಂತ್ರ ಓಡಿಸಿ ಪರೀಕ್ಷೆ ಮಾಡಿದೆವು. ತೇವದ ಹೀಟರ್ ಆರಿಸಬಹುದೇ ಎಂದು ವೈದ್ಯರನ್ನೂ ಕೇಳಿಕೊಂಡೆವು. ಈ ಎರಡು ಕೆಲಸಕ್ಕೆ ಒಂದು ದಿರ್ಹಂ ಖರ್ಚಿಲ್ಲ, ದಯವಿಟ್ಟು ನೀವೂ ಮಾಡಿ.

ಅದೇ ಲಿವಾ, ಅದೇ ನಕ್ಷತ್ರ. ಬೆಳಗ್ಗೆ ಚಹಾ ಕೊಡುತ್ತ ಕೇಳಿದೆ, "ನಿದ್ದೆ ಬಂತಾ ಅಪ್ಪಾ?"

"ಒಳ್ಳೇ ನಿದ್ದೆ. ಮೂರು ಗಂಟೆಗೆ ಒಮ್ಮೆ ಎಚ್ಚರಾಯಿತು. ನೀನು ಟಾರ್ಚ್ ಹಿಡಿದು ಆ ಪೆಟ್ಟಿಗೆಯ ಮುಂದೆ ಕೂತಿದ್ದೆ. ಎಷ್ಟು ಉಳಿದಿತ್ತು?"

"ಶೇಕಡಾ 62."

"ಮತ್ತೆ ಮಲಗಬಾರದಿತ್ತಾ ಮಾರಾಯ!"

ಈ ಡಿಸೆಂಬರಿನಲ್ಲೂ ಅಪ್ಪ ಬರುತ್ತಾರೆ. ಲಿವಾ ಕಡೆ ನಮ್ಮ ಕ್ಯಾರವಾನ್ ಕಂಡರೆ ನಿಲ್ಲಿಸಿ, ಚಹಾ ಕುಡಿದು ಹೋಗಿ. ಪಟ್ಟಿ ಬರೆದುಕೊಂಡು ಬಂದರೆ ಕೂತು ಲೆಕ್ಕವನ್ನೂ ಹಾಕೋಣ. ಎಲ್ಲರಿಗೂ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು.